ನೆಲ ನಿಮ್ಮದೇ, ಮಣ್ಣು ಮಾತ್ರ ನಮ್ಮದು

ನಮ್ಮ ಮನೆಗೆ ಒಂದು ಕ್ಯಾಲೆಂಡರ್ ಬಂದಿದೆ. ಕೊಟ್ಟವರು ನನ್ನ ಹೆಂಡತಿಯ ಕಡೆಯ ನೆಂಟರಾದ್ದರಿಂದ ಹರಿದು ಹಾಕುವ ಹಾಗಿಲ್ಲ. ತಿಂಗಳಿಗೊಂದು ಹಾಳೆ, ಹಾಳೆಗೊಂದು ಹಳೆಯ ಬೆಂಗಳೂರಿನ ಕಟ್ಟಡ, ಎಲ್ಲವೂ ಕಪ್ಪು ಬಿಳುಪು. ಹೆಂಚಿನ ಬಂಗಲೆ, ಅದರ ಮುಂದೆ ಮರ, ಮರದ ಕೆಳಗೆ ಜಟಕಾ. ಆ ನೆಂಟರು ನಮ್ಮ ಕುರ್ಚಿಯಲ್ಲಿ ಕೂತು, ನಮ್ಮ ಕಾಫಿ ಕುಡಿಯುತ್ತಾ, ಒಂದೊಂದೇ ಹಾಳೆ ಮಗುಚಿ ಒಂದೊಂದು ನಿಟ್ಟುಸಿರು ಬಿಟ್ಟರು. ಕೊನೆಗೆ, "ಎಲ್ಲಿ ಹೋಯ್ತು ಸಾರ್ ಆ ಬೆಂಗಳೂರು?" ಅಂದರು.

"ಅದು ಎಲ್ಲಿಗೆ ಹೋಯ್ತೋ ನನಗೆ ಗೊತ್ತಿಲ್ಲ ಸ್ವಾಮಿ. ಈಗಿರೋದು ಎಲ್ಲಿಂದ ಬಂತು ಅಂತ ಗೊತ್ತು," ಅಂದೆ. ಅಡಿಗೆಮನೆಯಿಂದ ನನ್ನ ಹೆಂಡತಿ, "ಶುರುವಾಯ್ತು," ಅಂದಳು. ನೆಂಟರು ಗಡಿಯಾರ ನೋಡಿಕೊಂಡು ಎದ್ದರು. ಅವರು ಕೇಳದೆ ಹೋದದ್ದನ್ನು ನೀವಾದರೂ ಕೇಳಿ. ನಿಮಗೆ ಕಾಫಿ ಕೊಡಲಾರೆ, ಅಷ್ಟೇ.

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಎಲ್ಲರೂ ಹೇಳುತ್ತಾರೆ. ಒಪ್ಪಿಕೊಳ್ಳುತ್ತೇನೆ. ಹಾಲಿನವನು ತಡಮಾಡಿದರೆ ಕೋಪ, ಪೇಪರಿನವನು ಮಹಡಿಗೆ ಎಸೆದ ಪೇಪರ್ ಚರಂಡಿಗೆ ಬಿದ್ದರೆ ಕೋಪ. ಈ ಕೋಪಗಳೆಲ್ಲ ಸ್ನಾನ ಮುಗಿಯುವಷ್ಟರಲ್ಲಿ ಇಳಿಯುತ್ತವೆ. ಆದರೆ ಬೆಂಗಳೂರು ಬೆಳೆಯಿತು, ಬೆಳೆಯಿತು ಎಂದು ಯಾರಾದರೂ ಹೇಳಿದರೆ ಬರುವ ಕೋಪ ಮಾತ್ರ ಇಳಿಯುವುದಿಲ್ಲ. ಬೆಳೆಯುವುದಕ್ಕೆ ಅದೇನು ರಾಗಿ ಪೈರೇ? ಅದನ್ನು ಕಟ್ಟಿದರು. ಕಟ್ಟಿದ್ದು ಯಾವುದರಿಂದ ಎಂದು ಒಬ್ಬನೇ ಒಬ್ಬ ಕೇಳಿದ್ದನ್ನು ನಾನು ಕಾಣೆ.

ನನ್ನ ಊರು ಮಾಲೂರಿನಿಂದ ಟೇಕಲ್ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿ. ಎಪ್ಪತ್ತರ ದಶಕದ ನಡುವೆ ನನಗೆ ಬೆಂಗಳೂರಿನ ಒಂದು ಕಛೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಸೈಕಲ್ ತುಳಿದು ಮಾಲೂರು ಸ್ಟೇಷನ್ನಿಗೆ ಬಂದು, ಕೋಲಾರದ ಚಿನ್ನದ ಗಣಿ ಕಡೆಯಿಂದ ಬರುವ ಪ್ಯಾಸೆಂಜರ್ ಹತ್ತುತ್ತಿದ್ದೆ. ಆಗ ಉಗಿಬಂಡಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟವನು ಕಂಟೋನ್ಮೆಂಟಿನಲ್ಲಿ ಇಳಿಯುವಾಗ ಇದ್ದಿಲು ವ್ಯಾಪಾರಿಯ ಹಾಗಿರುತ್ತಿದ್ದೆ. ಆದರೂ ನಡಿಗೆಯಲ್ಲಿ ಒಂದು ಠೀವಿ. ಊರಿನಲ್ಲಿ ಎಲ್ಲರೂ ನನ್ನನ್ನು "ಬೆಂಗಳೂರಪ್ಪ" ಎಂದು ಕರೆಯುತ್ತಿದ್ದರು. ಬೆಂಗಳೂರಿನಲ್ಲಿ ಕಛೇರಿಯವರು "ಮಾಲೂರು" ಎಂದು ಕರೆಯುತ್ತಿದ್ದರು. ನನಗೊಂದು ಹೆಸರಿತ್ತು ಎಂಬುದು ರೈಲ್ವೆ ಪಾಸಿಗೆ ಮಾತ್ರ ತಿಳಿದಿತ್ತು.

ಸ್ಟೇಷನ್ನಿನಿಂದ ಕಛೇರಿಗೆ ನಡೆಯುವ ದಾರಿಯಲ್ಲಿ ಒಂದು ಬಂಗಲೆಯಿತ್ತು. ಕ್ಯಾಲೆಂಡರಿನಲ್ಲಿ ಬರಲು ಎಲ್ಲ ಯೋಗ್ಯತೆ ಇದ್ದ ಬಂಗಲೆ. ಕೆಂಪು ಹೆಂಚು, ಕಿಟಕಿಗಳ ಮೇಲೆ 'ಮಂಕಿ ಟಾಪ್' ಎನ್ನುವ, ಚೂಪಾಗಿ ಇಳಿದ ಮರದ ಕೆತ್ತನೆಯ ಮುಚ್ಚಿಗೆ, ಮುಂದೆ ಇಬ್ಬರು ತಬ್ಬಿದರೂ ಸಾಲದ ಮಳೆಮರ. ವರಾಂಡದಲ್ಲಿ ಬೆತ್ತದ ಕುರ್ಚಿ ಇರುತ್ತಿತ್ತು. ಅದರಲ್ಲಿ ಯಾರೂ ಕೂತದ್ದನ್ನು ನಾನು ನೋಡಿಲ್ಲ. ನಾನೇ ಎಂದಾದರೂ ಅದರಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿಕೊಂಡು, ರಸ್ತೆಯಲ್ಲಿ ಇದ್ದಿಲು ಮುಖದ ಗುಮಾಸ್ತರು ಹೋಗುವುದನ್ನು ನೋಡುವೆನೆಂದು ಅಂದುಕೊಂಡಿದ್ದೆ. ಗುಮಾಸ್ತನ ಸಂಬಳಕ್ಕೆ ಆ ಕುರ್ಚಿಯ ಒಂದು ಕಾಲು ಬರುತ್ತಿತ್ತೋ ಇಲ್ಲವೋ.

ನಮ್ಮೂರಿನ ಮನೆಗಳ ಮಾತೇ ಬೇರೆ. ಮಣ್ಣಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಮುಳಬಾಗಿಲಿಗೆ ಮದುವೆಯಾಗಿ ಹೋದ ನನ್ನ ಅಕ್ಕನ ಮನೆಯೂ ಹಾಗೆಯೇ. ಚಪ್ಪಡಿ ಮನೆ ಬೇಸಿಗೆಯಲ್ಲಿ ತಂಪಾಗಿರುತ್ತದೆ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಬರೆದವರು ಏಪ್ರಿಲ್ ತಿಂಗಳಲ್ಲಿ ಬಂದು ಮಲಗಿ ನೋಡಲಿ. ಆದರೆ ಮಣ್ಣಿನ ಗೋಡೆಯಲ್ಲಿ ಒಂದು ನ್ಯಾಯವಿತ್ತು. ಮನೆ ಹಳೆಯದಾಗಿ ಬಿದ್ದರೆ ಆ ಗೋಡೆ ಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ನಾಲ್ಕು ತಲೆಮಾರು ಒಲೆಯ ಹೊಗೆ ಕುಡಿದ ಮಣ್ಣು, ಗೊಬ್ಬರಕ್ಕಿಂತ ಮೇಲು. ನನ್ನ ತಾತ ಹುಟ್ಟಿದ ಕೋಣೆಯ ಗೋಡೆಯಲ್ಲಿ ಬೆಳೆದ ಬದನೆಕಾಯಿಯನ್ನು ನಾನು ತಿಂದಿದ್ದೇನೆ. ಹೊಲದಿಂದ ಬಂದದ್ದು ಹೊಲಕ್ಕೆ ಹೋಗುತ್ತಿತ್ತು.

ಹೊಲ ಎಂದಾಗ ನನ್ನ ಸೋದರತ್ತೆಯ ಹೊಲವನ್ನು ಹೇಳಲೇಬೇಕು. ಈ ಪ್ರಬಂಧ ಇರುವುದೇ ಅದರ ಸಲುವಾಗಿ. ಅತ್ತೆಯ ಹೆಸರು ನಾರಾಯಣಮ್ಮ. ನಮ್ಮ ಅಪ್ಪನ ಅಕ್ಕ. ಅದೇ ಊರಿನಲ್ಲಿ ಎರಡು ಬೀದಿ ಆಚೆಗೆ ಕೊಟ್ಟಿದ್ದರು. ಮಾವ ಹೋದ ಮೇಲೆ ಹೊಲ, ಹಿಪ್ಪುನೇರಳೆ, ರೇಷ್ಮೆ ಹುಳ ಎಲ್ಲವನ್ನೂ ತಾನೇ ನೋಡಿಕೊಂಡವಳು. ಮಾತಾಡುವುದು ಕನ್ನಡ, ಬೈಯುವುದು ತೆಲುಗು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೆಯೇ. ಕನ್ನಡದಲ್ಲಿ ಬೈದರೆ ಅವಳಿಗೆ ಬೈದ ತೃಪ್ತಿ ಸಿಗುತ್ತಿರಲಿಲ್ಲ.

ಅವಳ ಹೊಲಕ್ಕೆ "ತಗ್ಗು ಹೊಲ" ಎಂದು ಹೆಸರು. ಸುತ್ತಲಿನ ಹೊಲಗಳಿಗಿಂತ ಅದು ತಗ್ಗಿನಲ್ಲಿತ್ತು. ಮೇಲಿನದು ಪಿಳ್ಳಪ್ಪ ಎಂಬವನ ದಿಣ್ಣೆ ಹೊಲ. ಮಳೆ ಬಂದಾಗ ಎಲ್ಲರ ಹೊಲದ ನೀರೂ ಮೆಕ್ಕಲೂ ಅತ್ತೆಯ ಹೊಲಕ್ಕೆ ಇಳಿಯುತ್ತಿತ್ತು. ನಾವು ಮಕ್ಕಳು ಅಲ್ಲಿ ಮಳೆ ನಿಂತ ಮಾರನೆಯ ದಿನ ಕಾಲು ಹುಗಿದುಕೊಂಡು ನಿಲ್ಲುತ್ತಿದ್ದೆವು. ಯಾರ ಕಾಲು ಹೆಚ್ಚು ಆಳಕ್ಕೆ ಹೋಯಿತು ಎಂಬುದು ಆಟ. ಅಂಗಾಲಿಗೆ ಆ ಮಣ್ಣು ಬೆಣ್ಣೆಯ ಹಾಗೆ ಮೆತ್ತಗೆ, ತಣ್ಣಗೆ. ಮನೆಗೆ ಬಂದ ಮೇಲೆ ಚಡ್ಡಿಯ ಕೆಂಪು ಕಲೆಗೆ ಅಮ್ಮನಿಂದ ಬೀಳುತ್ತಿದ್ದದ್ದು ಮಾತ್ರ ಮೆತ್ತಗಿರುತ್ತಿರಲಿಲ್ಲ. ಪಿಳ್ಳಪ್ಪ ತಮಾಷೆಗೆ, "ಅಕ್ಕಯ್ಯ, ನಾನು ಗೊಬ್ಬರ ಹೊಡೀತೀನಿ, ಬೆಳೆ ನೀನು ತೆಗೀತೀಯ," ಅನ್ನುತ್ತಿದ್ದ. ಅತ್ತೆ, "ದೇವರು ಕೊಟ್ಟ ತಗ್ಗು ಕಣೋ, ನೀನ್ಯಾಕೆ ಹೊಟ್ಟೆ ಉರ್ಕೊಂತೀಯ?" ಅನ್ನುತ್ತಿದ್ದಳು.

ನಾನು ಕೆಲಸಕ್ಕೆ ಸೇರಿದ ಕೆಲವು ವರ್ಷಗಳಲ್ಲಿ ಮಾಲೂರಿನ ಸುತ್ತ ಇಟ್ಟಿಗೆ ಗೂಡುಗಳು ಹೆಚ್ಚಿದವು. ನಮ್ಮೂರಿನ ಅಂಚಿಗೂ ಒಂದು ಬಂತು. ಅದರ ಯಜಮಾನ ಶಾಮಣ್ಣ ಎಂಬ ಹೊರಗಿನವನು. ಮಾತು ಸಕ್ಕರೆ. ಅವನು ಯಾರಿಗೂ "ನಿಮ್ಮ ಹೊಲ ಮಾರಿ" ಎಂದು ಕೇಳಿದವನಲ್ಲ. ಕೇಳಿದ್ದರೆ ಊರಿನವರು ಅವನನ್ನು ಅಟ್ಟುತ್ತಿದ್ದರು. ನಮ್ಮಲ್ಲಿ ಹೊಲ ಮಾರುವವನೆಂದರೆ ಕುಡುಕ, ಇಸ್ಪೀಟಿನವನು, ಹೆಣ್ಣು ಕೊಡಲು ಜನ ಹಿಂಜರಿಯುವಂಥವನು. ಶಾಮಣ್ಣ ಅಂದದ್ದೇ ಬೇರೆ. "ನೆಲ ನಿಮ್ದೇ ಅಣ್ಣಾ, ಎಲ್ಲೂ ಹೋಗಲ್ಲ. ಮಣ್ಣು ಮಾತ್ರ ನಮ್ದು. ಮೇಲಿಂದ ಮೂರಡಿ ತಗೋತೀವಿ, ನೆಲ ಸಮ ಮಾಡಿ ಕೊಡ್ತೀವಿ. ಮತ್ತೆ ರಾಗಿ ಇಟ್ಕೊಳಿ."

ಊರಿನವರಿಗೆ ಇದು ಬಹಳ ಹಿಡಿಸಿತು. ನನಗೆ ಈಗಲೂ ಮೈ ಉರಿಯುವುದು ಇಲ್ಲಿಯೇ. ನೆಲ ಬೇರೆ, ಮಣ್ಣು ಬೇರೆ ಎಂದು ಯಾವ ಪುಣ್ಯಾತ್ಮ ಹೇಳಿದ? ಮಣ್ಣು ಹೋದ ಮೇಲೆ ಉಳಿಯುವ ನೆಲ ಯಾವುದು, ಪಹಣಿಯಲ್ಲಿರುವುದೇ? ಆದರೆ ನಮ್ಮವರು ಅದಕ್ಕೊಂದು ಕ್ರಿಯಾಪದ ಹುಡುಕಿಕೊಂಡಿದ್ದರು. ಯಾರೂ "ಮಣ್ಣು ಮಾರಿದೆ" ಅನ್ನುತ್ತಿರಲಿಲ್ಲ. "ಮಣ್ಣು ಕೊಟ್ಟೆ" ಅನ್ನುತ್ತಿದ್ದರು, ಹೆಣ್ಣು ಕೊಟ್ಟೆ ಅನ್ನುವ ಹಾಗೆ. "ಗೂಡಿಗೆ ಕೊಟ್ಟಿದ್ದೀನಿ" ಎಂದು ಹೇಳುವಾಗ ಒಳ್ಳೆಯ ಮನೆಗೆ ಮಗಳನ್ನು ಸೇರಿಸಿದ ಸಮಾಧಾನ ಅವರ ಮುಖದಲ್ಲಿ ಇರುತ್ತಿತ್ತು. ಮೊದಲು ಕೊಟ್ಟವನು ಪಿಳ್ಳಪ್ಪ.

"ಹೊಲ ಹಳ್ಳ ಆಯ್ತಲ್ಲ ಪಿಳ್ಳಪ್ಪಣ್ಣ," ಎಂದು ನಾನು ಒಂದು ಭಾನುವಾರ ಅವನನ್ನು ಕೇಳಿದೆ. "ಅದಕ್ಕೇನಪ್ಪ ಬೆಂಗಳೂರಪ್ಪ, ಹೊಲ ನಂದೇ ಅಲ್ವಾ? ನೋಡು, ನಾಲ್ಕು ಮೂಲೆ ಕಲ್ಲೂ ಹಂಗೇ ಅವೆ," ಅಂದ. ನಿಜ, ಕಲ್ಲುಗಳಿದ್ದವು. ಅಗೆಯುವವರು ಅವುಗಳ ಕೆಳಗಿನ ಮಣ್ಣನ್ನು ಮಾತ್ರ ಬಿಟ್ಟಿದ್ದರಿಂದ ನಾಲ್ಕು ಕಂಬಗಳ ಮೇಲೆ ನಾಲ್ಕು ಕಲ್ಲು ಕೂತಿದ್ದವು.

ಇದೇ ಕಾಲಕ್ಕೆ, ಎಂಬತ್ತರ ದಶಕ ಶುರುವಾದಾಗ, ನನ್ನ ದಾರಿಯ ಬಂಗಲೆಯನ್ನು ಕೆಡವಿದರು. ಒಂದು ಬೆಳಿಗ್ಗೆ ಹೆಂಚು ಇಳಿಸುತ್ತಿದ್ದರು. ಮರುವಾರ ಮಳೆಮರ ಇಲ್ಲ. ಆ ರಸ್ತೆಗೆ ಬಿಸಿಲು ಬಿದ್ದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಕಛೇರಿಯಲ್ಲಿ ನನ್ನ ಸಹೋದ್ಯೋಗಿಗಳು ಖುಷಿಯಾಗಿದ್ದರು. ಅಲ್ಲಿ ಲಿಫ್ಟ್ ಇರುವ ಕಟ್ಟಡ ಬರುತ್ತದಂತೆ, ಕೆಳಗಡೆ ಹೋಟೆಲ್ ಬರುತ್ತದಂತೆ, ಮಸಾಲೆದೋಸೆಗೆ ದೂರ ಹೋಗಬೇಕಾಗಿಲ್ಲವಂತೆ. ನಾನು ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ನಾನು ಮಾತಾಡುತ್ತಿಲ್ಲ ಎಂಬುದನ್ನು ಯಾರೂ ಗಮನಿಸದ್ದರಿಂದ ನಾಲ್ಕನೆಯ ದಿನ ನಾನೇ ಶುರುಮಾಡಿದೆ.

ಆ ಜಾಗದಲ್ಲಿ ಇಟ್ಟಿಗೆ ಲಾರಿ ಬಂದು ನಿಂತ ದಿನ ನನ್ನ ಕೋಪಕ್ಕೆ ಇನ್ನೊಂದು ಮುಖ ಬಂತು. ಕೂಲಿಯವರು ಇಳಿಸುತ್ತಿದ್ದ ಇಟ್ಟಿಗೆಯ ಹೊಟ್ಟೆಯಲ್ಲಿ ನಕ್ಷತ್ರದ ಗುರುತಿತ್ತು. ಶಾಮಣ್ಣನ ಗೂಡಿನ ಅಚ್ಚು. ನಮ್ಮೂರಿನ ಮಕ್ಕಳೆಲ್ಲ ಒಡೆದ ಇಟ್ಟಿಗೆಯ ಆ ನಕ್ಷತ್ರ ಇಟ್ಟುಕೊಂಡು ಆಡುತ್ತಿದ್ದರು. ನಾನು ಪಾಸು ತೋರಿಸಿ ಬೆಂಗಳೂರಿಗೆ ಬರುತ್ತಿದ್ದೆ. ನನ್ನ ಊರು ಟಿಕೆಟ್ಟೂ ಇಲ್ಲದೆ ಲಾರಿಯಲ್ಲಿ ಬರುತ್ತಿತ್ತು. ಆಮೇಲೆ ನೋಡಿದಲ್ಲೆಲ್ಲ ಅದೇ ಆಯಿತು. ರೈಲು ಕೃಷ್ಣರಾಜಪುರ ದಾಟುತ್ತಿದ್ದಂತೆ ಮೊದಲೆಲ್ಲ ಕಾಣುತ್ತಿದ್ದದ್ದು ಮರದ ತಲೆಗಳು, ನಡುವೆ ಒಂದು ಚರ್ಚಿನ ಗೋಪುರ, ಒಂದು ನೀರಿನ ಟ್ಯಾಂಕು. ಈಗ ಮರಗಳ ಮೇಲೆ ಕಟ್ಟಡಗಳ ತಲೆ ಏಳುತ್ತಿದ್ದವು. ಜೊತೆಯ ಪ್ರಯಾಣಿಕರು ಕಿಟಕಿಯಿಂದ ಬಗ್ಗಿ, "ಏನು ಎತ್ತರ ರೀ!" ಅನ್ನುತ್ತಿದ್ದರು. ಸಂಜೆ ಅದೇ ರೈಲಿನಲ್ಲಿ ಮಾಲೂರು ಬಂದಾಗ ಎರಡೂ ಕಡೆಯ ಹಳ್ಳಗಳನ್ನು ನೋಡಿ "ಏನು ಆಳ ರೀ!" ಎಂದು ಒಬ್ಬನೂ ಅನ್ನುತ್ತಿರಲಿಲ್ಲ. ಇಸ್ಪೀಟಿನಲ್ಲಿ ಮುಳುಗಿರುತ್ತಿದ್ದರು.

ಇನ್ನು ಅತ್ತೆಯ ವಿಷಯ. ಪಿಳ್ಳಪ್ಪನ ಹಿಂದೆಯೇ ಇನ್ನು ಮೂವರು ಪಕ್ಕದವರು ಗೂಡಿಗೆ ಕೊಟ್ಟರು. ಶಾಮಣ್ಣನ ಕಣ್ಣು ತಗ್ಗು ಹೊಲದ ಮೇಲೆ ಬಿತ್ತು. ಬೀಳದೆ ಏನು, ಮೆಕ್ಕಲು ಕೂತ ಮಣ್ಣು. ಒಂದು ಮಧ್ಯಾಹ್ನ ಅವನು ಸ್ಕೂಟರಿನಲ್ಲಿ ಅತ್ತೆಯ ಮನೆಯ ಮುಂದೆ ಇಳಿದ. ಅತ್ತೆ ಅವನ ಹೆಸರು ಕೇಳಿದ್ದಳೇ ಹೊರತು ಮುಖ ಕಂಡವಳಲ್ಲ. ಅವನು ಕೈಮುಗಿದು, "ಗೂಡಿಗೆ ಬಂದಿದ್ದೀನಮ್ಮಾ," ಅಂದ.

ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಮಾತ್ರ ಇಲ್ಲಿ ಏನಾಯಿತೆಂದು ಕೂಡಲೇ ಗೊತ್ತಾಗುತ್ತದೆ. ಉಳಿದವರಿಗಾಗಿ ಹೇಳುತ್ತೇನೆ. ಇಟ್ಟಿಗೆ ಸುಡುವುದೂ ಗೂಡು, ರೇಷ್ಮೆ ಹುಳ ತನ್ನ ಸುತ್ತ ಕಟ್ಟಿಕೊಳ್ಳುವುದೂ ಗೂಡು. ರೇಷ್ಮೆ ಸಾಕಿದ ಮನೆಯಲ್ಲಿ ಗೂಡು ಎಂದರೆ ಎರಡನೆಯದೇ. ಕೋಲಾರದ ಮಾರ್ಕೆಟ್ಟಿಗೆ ಹಾಕುವ ಮುಂಚೆ ಶ್ರೀನಿವಾಸಪುರದ ಕಡೆಯ ವ್ಯಾಪಾರಿಗಳು ಹೀಗೆಯೇ ಸ್ಕೂಟರಿನಲ್ಲಿ ಬಂದು, "ಗೂಡಿಗೆ ಬಂದಿದ್ದೀವಿ" ಅನ್ನುತ್ತಿದ್ದರು. ಅತ್ತೆಯ ಹುಳಗಳು ಆ ವಾರ ಹಣ್ಣಾಗಿ ಚಂದ್ರಿಕೆ ಹತ್ತಿದ್ದವು. ಬಿದಿರಿನ ಆ ದೊಡ್ಡ ತಟ್ಟೆಗಳು ಜಗಲಿಯ ಗೋಡೆಗೆ ಒರಗಿದ್ದವು. ಮುಂದಿನ ಮಾತುಕತೆಯನ್ನು ಅತ್ತೆ ಇಬ್ಬರ ದನಿಯಲ್ಲೂ ಆಡಿ ತೋರಿಸುತ್ತಿದ್ದಳು. ನಾನು ಎಷ್ಟೋ ಸಲ ಕೇಳಿದ್ದೇನೆ.

"ನಿಮ್ದು ಬಹಳ ಚೆನ್ನಾಗಿದೆ ಅಂತ ಕೇಳ್ದೆ."

"ಚೆನ್ನಾಗಿರೋದೇನು, ಈ ಸುತ್ತಿನಾಗೆ ಇಂಥದ್ದು ಹುಡುಕಿದ್ರೂ ಸಿಗಲ್ಲ."

"ಕಸಕಡ್ಡಿ ಇಲ್ಲ ತಾನೆ?"

"ನಾನೇ ಕೈಯಾರೆ ಬಿಡಿಸ್ತೀನಿ. ಒಂದು ಕಡ್ಡಿ ತೋರ್ಸು ನೋಡಾನ."

"ಪೂರ್ತಿ ಕೊಡ್ತೀರಾ ಅಮ್ಮಾ, ಇಲ್ಲಾ ಅರ್ಧ ಇಟ್ಕೊಂತೀರಾ?"

"ಅರ್ಧ ಇಟ್ಕೊಂಡು ನಾನೇನು ಬಾಯಿಗೆ ಹಾಕ್ಕೊಳ್ಳಾ? ಪೂರ್ತಿ ತಗೊಂಡೋಗು."

"ಸೋಮವಾರ ಲಾರಿ ತರ್ತೀನಿ. ರೇಟು ಅವತ್ತೇ ಮಾತಾಡೋಣ."

ಲಾರಿ ಎಂದಾಗ ಅತ್ತೆ ನಕ್ಕಳಂತೆ. "ಲಾರಿ ತುಂಬೋವಷ್ಟು ಎಲ್ಲಪ್ಪ ಐತೆ?" ಅಂದಳಂತೆ. ಅವನೂ ನಕ್ಕು, "ತುಂಬಿದ ಮೇಲೆ ನೀವೇ ನೋಡ್ತೀರಲ್ಲ," ಅಂದನಂತೆ. ಜಂಬದಿಂದ ಅತ್ತೆಯ ಮುಖ ಅರಳಿತು. ಆಮೇಲೆ ಅವನು ತಟ್ಟೆಯಲ್ಲಿ ಎಲೆಅಡಿಕೆ ಇಟ್ಟು ಕೊಟ್ಟ, ಪಿಳ್ಳಪ್ಪನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕೊಟ್ಟ. ಅತ್ತೆ ತೆಗೆದುಕೊಂಡಳು. ಎಲೆಅಡಿಕೆ ತೆಗೆದುಕೊಂಡರೆ ಮಾತು ಮುಗಿದ ಹಾಗೆ. ಹೆಣ್ಣಿನ ಮಾತಾಗಲಿ ಹಸುವಿನ ಮಾತಾಗಲಿ, ನಮ್ಮಲ್ಲಿ ಅದರಿಂದ ಹಿಂದೆ ಸರಿದವರಿಲ್ಲ.

ಶಾಮಣ್ಣನಿಗೂ ತಪ್ಪು ತಿಳಿವಳಿಕೆಯಾಗಿತ್ತು ಎಂದು ಹೇಳುವವರು ಊರಿನಲ್ಲಿ ಇದ್ದರು. ನಾನು ಒಪ್ಪುವುದಿಲ್ಲ. ಮೂಗಿನ ಮುಂದೆ ಚಂದ್ರಿಕೆಗಳು ಒರಗಿದ್ದವಲ್ಲ, ಕಣ್ಣಿರಲಿಲ್ಲವೇ? ಹೊಲದ ಮಾತು ಹೊಲದಲ್ಲಿ ನಿಂತು ಆಡಬೇಕೋ, ಹುಳದ ಮನೆಯ ಜಗಲಿಯಲ್ಲಿ ಕೂತು ಆಡಬೇಕೋ? ಇಡೀ ಮಾತಿನಲ್ಲಿ ಮಣ್ಣು ಎಂಬ ಶಬ್ದವನ್ನು ಒಂದು ಸಲವಾದರೂ ಬಾಯಿಬಿಟ್ಟನೇ? ಇಷ್ಟು ವರ್ಷ ಆದರೂ ಈ ಪ್ರಶ್ನೆಗಳನ್ನು ನಾನು ಸ್ನಾನದ ಮನೆಯಲ್ಲಿ ಗಟ್ಟಿಯಾಗಿ ಕೇಳುತ್ತಿರುತ್ತೇನೆ. ಹೆಂಡತಿ ಹೊರಗಿನಿಂದ, "ಉತ್ತರ ಬಂತಾ?" ಅನ್ನುತ್ತಾಳೆ.

ಸೋಮವಾರ ನಾನು ರಜೆಯ ಮೇಲೆ ಊರಿನಲ್ಲೇ ಇದ್ದೆ. ಅತ್ತೆ ಗೂಡು ಬಿಡಿಸಿ, ಆರಿಸಿ, ಮಂಕರಿಗಳಿಗೆ ತುಂಬಿ, ತಲೆ ಬಾಚಿಕೊಂಡು ವ್ಯಾಪಾರಿಗಾಗಿ ಕಾಯುತ್ತಿದ್ದಳು. ಲಾರಿ ಬಂತು. ಬಂದದ್ದು ಮನೆಯ ಮುಂದೆ ನಿಲ್ಲದೆ ಸೀದಾ ಹೋಯಿತು. "ಏಯ್, ಮನೆ ಇಲ್ಲೈತೆ ಕಣಪ್ಪಾ!" ಎಂದು ಅತ್ತೆ ಕೈ ಬೀಸುತ್ತಾ ಹಿಂದೆ ಓಡಿದಳು. ಅವಳ ಹಿಂದೆ ನಾನು. ಲಾರಿ ತಗ್ಗು ಹೊಲದ ಬದಿಯಲ್ಲಿ ನಿಂತಿತು. ಗುದ್ದಲಿ ಹಿಡಿದ ಆಳುಗಳು ಇಳಿದರು. ನಾವು ಹೋಗುವಷ್ಟರಲ್ಲಿ ಮೊದಲ ಸಾಲಿನ ಹಿಪ್ಪುನೇರಳೆ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು.

ಅತ್ತೆ ಬಿದ್ದ ಒಂದು ಗಿಡವನ್ನು ಕೈಗೆತ್ತಿಕೊಂಡಳು. ಆಮೇಲೆ ತೆಲುಗು ಶುರುವಾಯಿತು. "ನಾ ಮಟ್ಟಿ ನೀ ಅಬ್ಬ ಸೊಮ್ಮಾರಾ?" ನನ್ನ ಮಣ್ಣೇನು ನಿಮ್ಮಪ್ಪನ ಗಂಟೇ ಎಂದು ಅವಳು ಕೇಳಿದ್ದು ಗೂಡಿನ ತನಕ ಕೇಳಿಸಿರಬೇಕು. ಊರು ಸೇರಿತು. ಅಷ್ಟರಲ್ಲಿ ಸ್ಕೂಟರಿನಲ್ಲಿ ಬಂದಿಳಿದ ಶಾಮಣ್ಣನ ದನಿ ಏರಲೇ ಇಲ್ಲ. "ಎಲೆಅಡಿಕೆ ತಗೊಂಡಿದ್ದೀರಮ್ಮಾ. ಪಿಳ್ಳಪ್ಪ ನೋಡಿದ್ದಾನೆ. ಗೂಡಿಗೆ ಪೂರ್ತಿ ತಗೊಂಡೋಗು ಅಂತ ನೀವೇ ಅಂದ್ರಿ." ಪಿಳ್ಳಪ್ಪ ನೆಲ ನೋಡುತ್ತಿದ್ದ. ಊರಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು, "ಮಾತು ಮಾತೇ ಅಲ್ವಾ ನಾರಾಯಣಮ್ಮ," ಎಂದೂ ಅಂದರು. ಅವರ ಹೊಲವೂ ಗೂಡಿಗೆ ಹೋಗಿತ್ತು. ಗುಮಾಸ್ತನಾದ ನಾನು ಗುಂಪಿನ ಹಿಂದಕ್ಕೆ ಸರಿದು ನಿಂತೆ.

ಅತ್ತೆ ತೆಲುಗು ಬಿಟ್ಟು ಕನ್ನಡಕ್ಕೆ ಬಂದಳು. "ಹೌದು, ಮಾತು ಮಾತೇ," ಅಂದಳು. "ಅಲ್ಲೇ ಇರು," ಎಂದು ಮನೆಗೆ ಹೋದವಳು ತಲೆಯ ಮೇಲೆ ಒಂದು ಮಂಕರಿ ಗೂಡು ಹೊತ್ತುಕೊಂಡು ಬಂದಳು. ಲಾರಿಯ ಹಿಂಬಾಗಿಲು ತೆರೆದೇ ಇತ್ತು. ಅಷ್ಟನ್ನೂ ಅದರೊಳಗೆ ಸುರಿದಳು. ಹಳದಿ ಗೂಡುಗಳು ಆ ಖಾಲಿ ಲಾರಿಯ ತುಂಬ ಉರುಳಿ ಮೂಲೆ ಸೇರಿದವು. "ಗೂಡಿಗೆ ಬಂದಿದ್ದೀನಿ ಅಂದೆ. ತಗೋ ಗೂಡು. ಇನ್ನೂ ಮೂರು ಮಂಕರಿ ಐತೆ, ತರ್ತೀನಿ. ಲಾರಿ ತುಂಬಲ್ಲಪ್ಪಾ ಅಂತ ನಾನು ಅವತ್ತೇ ಹೇಳಿದ್ದೆ. ಕೊಟ್ಟ ಮಾತು ತೀರ್ಸಿದ್ದೀನಿ, ನನ್ನ ಹೊಲ ಬಿಟ್ಟು ಇಳಿ."

ಮೊದಲು ನಕ್ಕವನು ಲಾರಿ ಡ್ರೈವರ್. ಆಮೇಲೆ ಆಳುಗಳು, ಆಮೇಲೆ ಇಡೀ ಊರು. ಹಿರಿಯರೂ ಹೆಗಲ ಟವಲು ಬಾಯಿಗೆ ಅಡ್ಡ ಇಟ್ಟುಕೊಂಡರು. ಮಾತಿಗೆ ಸರಿಯಾಗಿ ಮಾತು ಕೊಟ್ಟ ಮೇಲೆ ಇನ್ನು ನ್ಯಾಯ ಏನು ಹೇಳುವುದು? ಶಾಮಣ್ಣ ಕೂಡ ನಕ್ಕ. ಸ್ಕೂಟರ್ ಹತ್ತುವ ಮುಂಚೆ, "ಆಗಲಿ ಅಮ್ಮಾ, ನಿಮ್ಮ ಹೊಲಕ್ಕೆ ನಾನು ಕಾಲಿಡಲ್ಲ," ಅಂದ. ಅವನ ಬಾಯಿಂದ ಬಂದ ನಿಜವಾದ ಮಾತು ಅದೊಂದೇ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಸಿಡುಕನಾಗುತ್ತಿರಲಿಲ್ಲ. ಅವನು ಕಾಲಿಡಲಿಲ್ಲ. ನಾಲ್ಕೂ ಕಡೆ ಅಗೆದ. ಮೂರಡಿ ಎಂದದ್ದು ಆಳುದ್ದ ಆಯಿತು. ಎರಡು ವರ್ಷದಲ್ಲಿ ತಗ್ಗು ಹೊಲ ನೀರಿಲ್ಲದ ಸಮುದ್ರದ ನಡುವೆ ದ್ವೀಪವಾಗಿ ನಿಂತಿತು. ಹೋಗುವುದಕ್ಕೆ ಒಂದು ಸಣ್ಣ ಬದು ಉಳಿದಿತ್ತು. ಎತ್ತು, ನೇಗಿಲು ಅದರ ಮೇಲೆ ಹೋಗುತ್ತಿರಲಿಲ್ಲ, ಅತ್ತೆಯೇ ಗುದ್ದಲಿ ಹಿಡಿದಳು. ಮೊದಲು ಊರಿನ ನೀರೆಲ್ಲ ಬಂದು ಸೇರುತ್ತಿದ್ದ ಹೊಲದಿಂದ ಈಗ ಬಿದ್ದ ಮಳೆಯೂ ನಾಲ್ಕು ಕಡೆಗೆ ಇಳಿದು ಹೋಗುತ್ತಿತ್ತು. ಗೂಡಿಗೆ ಹೊಸದಾಗಿ ಬಂದ ಕೂಲಿಯವರು ಅದನ್ನು "ಗುಡ್ಡೆ ಹೊಲ" ಎಂದು ಕರೆದರು. ನಮ್ಮ ಊರಿನ ಮಕ್ಕಳೂ ಹಾಗೆಯೇ ಕಲಿತವು. "ಇದಕ್ಕೆ ತಗ್ಗು ಹೊಲ ಅಂತ ಹೆಸರು," ಎಂದು ನಾನು ಒಬ್ಬ ಹುಡುಗನಿಗೆ ಹೇಳಿದೆ. ಅವನು ನನ್ನನ್ನು ನೋಡಿದ ನೋಟ ಬೇರೆ ಯಾರಿಗೂ ಬೇಡ.

ಮಳೆಗಾಲದಲ್ಲಿ ಅಂಚು ಕುಸಿಯತೊಡಗಿತು. ಒಂದೊಂದು ಮಳೆಗೂ ಒಂದೊಂದು ಗಾಡಿಯಷ್ಟು ಮಣ್ಣು, ಅದರ ಮೇಲಿನ ಹಿಪ್ಪುನೇರಳೆ ಗಿಡಗಳ ಸಮೇತ ಹಳ್ಳಕ್ಕೆ ಬೀಳುತ್ತಿತ್ತು. ಬೆಳಿಗ್ಗೆ ಶಾಮಣ್ಣನ ಆಳುಗಳು ಬಂದು ಗಿಡ ಪಕ್ಕಕ್ಕಿಟ್ಟು ಮಣ್ಣು ತುಂಬಿಕೊಂಡು ಹೋಗುತ್ತಿದ್ದರು. ಅತ್ತೆ ಜಗಳಕ್ಕೆ ಹೋದಳು. ಈ ಸಲ ನಾನೂ ಜೊತೆಗೆ ಹೋಗಿ ಬಾಯಿಬಿಟ್ಟೆ. ಶಾಮಣ್ಣ ನಮಗೆ ಕುರ್ಚಿ ಹಾಕಿಸಿ, ಟೀ ತರಿಸಿ, "ಹಳ್ಳ ಪಿಳ್ಳಪ್ಪಂದು, ಅದರೊಳಗಿನ ಮಣ್ಣು ನಂ ಹೆಸರಿಗಿದೆ. ನಿಮ್ಮ ಹೊಲಕ್ಕೆ ನಾನು ಕಾಲಿಟ್ಟಿಲ್ಲ ಅಮ್ಮಾ, ಮಣ್ಣೇ ನನ್ನ ಹತ್ರ ಬಂತು," ಅಂದ. ಮಣ್ಣೇ ನನ್ನ ಹತ್ತಿರ ಬಂತು! ಟೀ ಲೋಟವನ್ನು ಅವನ ಮೇಲೆ ಎಸೆಯಬೇಕಿತ್ತು. ಮರ್ಯಾದಸ್ಥ, ಮೇಜಿನ ಮೇಲಿಟ್ಟು ಬಂದೆ. ಗಟ್ಟಿಯಾಗಿ ಇಟ್ಟೆ, ಅಷ್ಟೇ ನನ್ನ ಪೌರುಷ.

ಅತ್ತೆ ಅಂಚಿಗೆ ಕತ್ತಾಳೆ ನೆಟ್ಟಳು, ಕಲ್ಲು ಒಟ್ಟಿದಳು. ನಿಲ್ಲಲಿಲ್ಲ. ಒಂದು ಸಂಜೆ ನಾನು ಸೈಕಲ್ಲಿನಿಂದ ಇಳಿಯುವಾಗ ನಮ್ಮ ಮನೆಯ ಜಗಲಿಯಲ್ಲಿ ಕಾಯುತ್ತಿದ್ದಳು. "ನೀನು ದಿನಾ ನೋಡ್ತೀಯಲ್ಲ, ನಮ್ಮ ಮಣ್ಣಲ್ಲಿ ಕಟ್ಟಿರೋ ಬಿಲ್ಡಿಂಗು, ಅದನ್ನ ತೋರ್ಸು ನಂಗೆ," ಅಂದಳು. "ಅದರಲ್ಲಿ ನೋಡೋದೇನಿದೆ ಅತ್ತೆ?" ಅಂದೆ. "ನಂದು ಎಷ್ಟು ಎತ್ತರ ಹೋಗೈತೆ ನೋಡಾನ," ಅಂದಳು.

ಮಾರನೆಯ ಬೆಳಿಗ್ಗೆ ಪ್ಯಾಸೆಂಜರಿನಲ್ಲಿ ಕರೆದುಕೊಂಡು ಹೋದೆ. ಒಳ್ಳೆಯ ಸೀರೆ ಉಟ್ಟಿದ್ದಳು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹಳ್ಳಗಳನ್ನು ನೋಡುತ್ತಿದ್ದಳು. ಇಸ್ಪೀಟಿನವರಲ್ಲಿ ಒಬ್ಬ, "ಅಜ್ಜಿ ಬೆಂಗಳೂರು ನೋಡೋಕೆ ಹೊರಟ್ರಾ?" ಅಂದ. "ಬೆಂಗಳೂರಲ್ಲ, ನಮ್ಮೂರು ನೋಡೋಕೆ," ಅಂದಳು. ಅವನು ನಕ್ಕು ಎಲೆ ಹಾಕಿದ.

ಬಂಗಲೆಯಿದ್ದ ಜಾಗದಲ್ಲಿ ಕಟ್ಟಡ ತಲೆ ಎತ್ತಿ ನೋಡುವಷ್ಟು ಎದ್ದಿತ್ತು. ಕೆಳಗಿನ ಮಹಡಿಗಳಿಗೆ ಗಾರೆ ಮುಗಿದಿತ್ತು, ಹಿಂಭಾಗದ ಗೋಡೆ ಇನ್ನೂ ಬರಿಯ ಇಟ್ಟಿಗೆ. ಅತ್ತೆ ಆ ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟಳು. ಹೊಲದಲ್ಲಿ ಹದ ನೋಡುವವರು ಇಡುವ ಹಾಗೆ ಇಟ್ಟಳು. "ಇದು ಬಿದ್ದೋದ್ರೆ ಮಣ್ಣು ಹೊಲಕ್ಕೆ ಬರ್ತೈತಾ?" ಎಂದು ಕೇಳಿದಳು. "ಬರಲ್ಲ ಅತ್ತೆ. ಸುಟ್ಟಿದ್ದಾರಲ್ಲ," ಅಂದೆ. ಅವಳಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ನನ್ನ ಬಾಯಿಂದ ಕೇಳಬೇಕಿತ್ತೇನೋ. ಆಮೇಲೆ ಇಟ್ಟಿಗೆಗಳ ಮೇಲೆ ಕೈ ಆಡಿಸುತ್ತಾ, "ಪಿಳ್ಳಪ್ಪ ಕೊಟ್ಟ, ಅವನ್ದು ಹೋಗ್ಲಿ. ಪಕ್ಕದವರೂ ಕೊಟ್ರು, ಹೋಗ್ಲಿ. ನಾನು ಕೊಡಲಿಲ್ಲವಲ್ಲ. ಕೊಡದೇ ಇರೋದು ಯಾವ್ದೋ ಇದ್ರಾಗೆ?" ಅಂದಳು.

ನಾನೂ ಇಟ್ಟಿಗೆಗಳನ್ನು ಒಂದೊಂದಾಗಿ ನೋಡಿದೆ. ಎಲ್ಲದಕ್ಕೂ ಒಂದೇ ನಕ್ಷತ್ರ, ಒಂದೇ ಬಣ್ಣ. ಕೊಟ್ಟ ಮಣ್ಣಿಗೂ ಕಿತ್ತುಕೊಂಡ ಮಣ್ಣಿಗೂ ಬೇರೆ ಬೇರೆ ಗುರುತು ಯಾರು ಹಾಕುತ್ತಾರೆ? ಅತ್ತೆ ಇನ್ನೂ ಕಟ್ಟದೆ ಒಟ್ಟಿದ್ದ ಇಟ್ಟಿಗೆಯ ಸಾಲಿನ ಕಡೆಗೆ ನಡೆದು, ಸೆರಗು ಸರಿಮಾಡಿಕೊಂಡು, ಅದರ ಮೇಲೆ ಕೂತಳು. ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ಕೈಯಲ್ಲಿ ನಕ್ಷೆ ಸುತ್ತಿ ಹಿಡಿದಿದ್ದ ಇಂಜಿನಿಯರ್ ಒಬ್ಬ ಒಳಗಿನಿಂದ ಬಿರಬಿರನೆ ಬಂದ.

"ಯಾರಮ್ಮ ನೀವು? ಇಲ್ಲೆಲ್ಲಾ ಕೂತ್ಕೋಬಾರದು, ಏಳಿ."

"ಯಾಕಪ್ಪಾ ಏಳಲಿ?" ಅಂದಳು ಅತ್ತೆ. ಸಿಟ್ಟಿನ ತೆಲುಗಲ್ಲ, ನೆರೆಮನೆಯವರೊಂದಿಗೆ ಆಡುವಂಥ ಕನ್ನಡ. "ನನ್ನ ಹೊಲದಾಗೆ ನಾನು ಕೂತಿದ್ದೀನಿ."

ಇಂಜಿನಿಯರ್ ನನ್ನ ಕಡೆಗೆ ತಿರುಗಿ, "ಏನ್ರೀ ಇವರು ಹೇಳೋದು?" ಅಂದ. ಕಛೇರಿಗೆ ಹೊತ್ತಾಗಿತ್ತು. ನಾನು ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟು ಅತ್ತೆಯ ಪಕ್ಕದಲ್ಲಿ ಕೂತುಕೊಂಡೆ.